ಜೀಪು ನೇಯುವ ಮಾವ

ನನ್ನ ಸೋದರಮಾವನಿಗೆ ಜೀಪು ಓಡಿಸಲು ಬರುವುದಿಲ್ಲ ಎಂದು ಗಜೇಂದ್ರಗಡದ ಜನ ಆಡಿಕೊಳ್ಳುತ್ತಾರೆ. ಶುದ್ಧ ಹೊಟ್ಟೆಕಿಚ್ಚು. ಓಡಿಸುವುದು ಯಾರಿಗೆ ಬರುವುದಿಲ್ಲ ಹೇಳಿ? ನಮ್ಮ ಮಾವನಿಗೆ ಜೀಪು ನೇಯಲು ಬರುತ್ತದೆ!

ಮೂವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವನು ಅವನು. ಕುಣಿಯೊಳಗೆ ಕಾಲಿಗೆ ಎರಡು ಹಲಗೆ. ಎಡಗಾಲು ಒತ್ತಿದಾಗ ಬಲಗಾಲು ಮೇಲೆ, ಬಲಗಾಲು ಒತ್ತಿದಾಗ ಎಡಗಾಲು ಮೇಲೆ. ಹೀಗೆ ಪಳಗಿದ ಮನುಷ್ಯ ಐವತ್ತೈದು ದಾಟಿದ ಮೇಲೆ ನರಗುಂದದಿಂದ ಒಂದು ಹಳೇ ಜೀಪು ತಂದ. ಅದಕ್ಕೆ ಬಾಗಿಲಿಲ್ಲ, ಟಾಪಿಲ್ಲ, ಬೆಲ್ಟಂತೂ ಮೊದಲೇ ಇಲ್ಲ. ಚಪ್ಪಲಿ ಕೆಳಗೆ ಬಿಟ್ಟೇ ಹತ್ತುತ್ತಾನೆ. ಯಾಕೆಂದು ಕೇಳಿದರೆ, ಚಪ್ಪಲಿ ಮೆಟ್ಟಿಕೊಂಡು ಮಗ್ಗಕ್ಕಿಳಿದವರನ್ನು ಎಲ್ಲಾದರೂ ನೋಡಿದ್ದೀಯಾ ಎಂದು ನನ್ನನ್ನೇ ಕೇಳುತ್ತಾನೆ. ನಾನು ರೋಣದ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು. ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಹೊಳೆದಿಲ್ಲ.

ಜೀಪು ಬಂದ ವಾರವೇ, ಮಳೆ ನಿಂತ ಮರುದಿನ, ಅಬ್ಬಿಗೇರಿಯ ಎರೆಹೊಲಕ್ಕೆ ಅದನ್ನು ಇಳಿಸಿದ. ಹಸಿ ಎರೆಮಣ್ಣಿನಲ್ಲಿ ನಮ್ಮ ಕಡೆ ಕೋಳಿಯೂ ಕಾಲಿಡುವುದಿಲ್ಲ! ಗಾಲಿ ನಾಲ್ಕೂ ಹೂತು, ಕೊನೆಗೆ ಎರಡು ಜೋಡಿ ಎತ್ತು ಕಟ್ಟಿ ಎಳೆಸಬೇಕಾಯಿತು. ಮಾವ ಮಾತ್ರ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದು ಮದುಮಗನಂತೆ ಕೂತೇ ಬಂದ. ಎತ್ತುಗಳಿಗೂ ಒಂದಿಷ್ಟು ಹೊಸ ಅಭ್ಯಾಸವಾಗಲಿ ಎಂದು ಮಾಡಿದೆ ಎಂದ.

ಅತ್ತಿ, ಅಂದರೆ ಅವನ ಹೆಂಡತಿ, ಅಂದಿನಿಂದ ಒಂದು ಪದ್ಧತಿ ಹಾಕಿಕೊಂಡಳು. ಏರು ಬಂತೆಂದರೆ ಜೀಪಿನಿಂದ ಇಳಿದುಬಿಡುವುದು, ತೆಂಗಿನಕಾಯಿಗಿಂತ ದೊಡ್ಡದೊಂದು ಕಲ್ಲು ಎತ್ತಿಕೊಂಡು ಹಿಂದೆ ನಡೆದು ಬರುವುದು. ಗಾಡಿ ಹಿಂದೆ ಸರಿದರೆ ಗಾಲಿಗೆ ಅಡ್ಡ ಕೊಡಬೇಕಲ್ಲ! ಗೊತ್ತಿಲ್ಲದವರು ಮಾತ್ರ, ಈಕೆ ಗಂಡನಿಗೆ ಕಲ್ಲು ಒಗೆಯಲು ಬೆನ್ನಟ್ಟಿದ್ದಾಳೆ ಎಂದೇ ತಿಳಿಯುತ್ತಿದ್ದರು. ಜಕ್ಕಲಿಯ ಹತ್ತಿರ ಒಬ್ಬ ಹಿರಿಯರು ಅಡ್ಡ ನಿಂತು, "ಬಿಡವಾ ತಂಗಿ, ಏನ ಮಾಡಿದ್ರೂ ಕಟಗೊಂಡ ಗಂಡ" ಎಂದು ಸಮಾಧಾನ ಹೇಳಿದ್ದೂ ಉಂಟು.

ಹೀಗಿರುವಾಗ ಮಾವನ ಮೊಬೈಲಿನಲ್ಲಿ ಯಾರೋ ಪರದೇಶದವರು ಮರುಭೂಮಿಯ ಕಣಿವೆಯಲ್ಲಿ ಜೀಪು ಹತ್ತಿಸಿ, ಟೆಂಟು ಹಾಕಿ, ರೊಟ್ಟಿ ಸುಟ್ಟುಕೊಂಡು ತಿನ್ನುವ ವಿಡಿಯೋ ಬಂತು. ನೋಡಿದ್ದೇ ತಡ, ನಮ್ಮ ಗುಡ್ಡಕ್ಕೇನು ಕಡಿಮೆ ಎಂದು ಎದ್ದು ನಿಂತ. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಮಾವ, ಅತ್ತಿ, ನಮ್ಮವ್ವ ಮತ್ತು ನಾನು ಕಟಕರೊಟ್ಟಿ, ಶೇಂಗಾ ಚಟ್ನಿ, ಟೆಂಟಿಗೊಂದು ತಾಡಪತ್ರಿ ಹೇರಿಕೊಂಡು ಹೊರಟೆವು. ಪುರ್ತಗೇರಿ ದಾಟಿ, ಕರೆಂಟು ತೆಗೆಯುವ ಗಾಳಿ ಫ್ಯಾನುಗಳಿಗೆ ಹೋಗುವ ಸರಿಯಾದ ದಾರಿ ಬಿಟ್ಟು, ಗುಡ್ಡ ಸೀಳಿಕೊಂಡು ಏರುವ ಒಂದು ಕೊರಕಲಿಗೆ ಜೀಪು ತಿರುಗಿತು. ಬಲಕ್ಕೆ ಕೆಂಪು ಬಂಡೆ, ಎಡಕ್ಕೆ ಎರಡಾಳು ಆಳದ ಇಳಿಜಾರು. ಎಡ ಸೀಟಿನಲ್ಲಿ ನಾನು.

"ನಮ್ಮನ್ನ ಇಳಸ್ರಿ ಮೊದ್ಲ" ಎಂದಳು ಅತ್ತಿ. ಅವ್ವನನ್ನೂ ಇಳಿಸಿಕೊಂಡು ತನ್ನ ಕಲ್ಲು ಹುಡುಕಿದಳು. ನನ್ನನ್ನೂ ಕರೆದಳು. ಗಂಡಸಾಗಿ ಹೇಗೆ ಇಳಿಯುವುದು ಎಂದು ಕೂತೆ. ಇದೇ ನನ್ನ ತರ್ಕಶಾಸ್ತ್ರ!

ಮುಕ್ಕಾಲು ಏರು ಹತ್ತಿದ ಮೇಲೆ ಎಂಜಿನ್ನು ಕೆಮ್ಮಿ ನಿಂತಿತು. ಜೀಪು ಹಿಂದೆ ಜಾರಿತು. ಆಗ ನೋಡಿದೆ, ಮಾವನ ಬರಿಗಾಲುಗಳು ಮಗ್ಗಕ್ಕೆ ಇಳಿದಿದ್ದವು. ಎಡಗಾಲು ಕ್ಲಚ್ಚಿಗೆ, ಬಲಗಾಲು ಮೇಲೆ. ಬಲಗಾಲು ಬ್ರೇಕಿಗೆ, ಎಡಗಾಲು ಮೇಲೆ. ಮತ್ತೆ ಎಡಗಾಲು. ಒಂದೊಂದು ಒತ್ತಿಗೂ ಜೀಪು ಒಂದಿಷ್ಟು ಜಾರುವುದು, ಧಡ್ಡನೆ ನಿಲ್ಲುವುದು, ಮತ್ತೆ ಜಾರುವುದು. ಹಿಂದಿನ ಎಡ ಗಾಲಿ ಅಂಚು ಬಿಟ್ಟು ಇಳಿಯಿತು. ಜೀಪು ನನ್ನ ಕಡೆಗೆ ವಾಲಿತು. ಬಾಗಿಲಿರಬೇಕಾದ ಜಾಗದಲ್ಲಿ ಕೆಳಗಿನ ಜಾಲಿಕಂಟಿ ಕಂಡಿತು. ನನ್ನ ತಲೆ ಹೊರಗಿತ್ತು, ಭುಜ ಹೊರಗಿತ್ತು. ಎದೆಯ ಹತ್ತಿರ ಏನೋ ಪರ್ ಎಂದು ಹರಿಯಿತು. ಅಷ್ಟರಲ್ಲಿ ಹಿಂದಿನಿಂದ ಕಲ್ಲು ಗಾಲಿಗೆ ಬಿದ್ದ ಸದ್ದು. ಜೀಪು ನಿಂತಿತು.

ಈ ಎಂಟು-ಹತ್ತು ಕ್ಷಣ ನಾಲ್ಕು ತಿಂಗಳಾದರೂ ಮುಗಿದಿಲ್ಲ. ಪಾಠದ ನಡುವೆ ಒಮ್ಮೊಮ್ಮೆ ನೆಲ ಎಡಕ್ಕೆ ವಾಲುತ್ತದೆ, ನಾನು ಮೇಜು ಹಿಡಿದುಕೊಳ್ಳುತ್ತೇನೆ.

ಮಾವನ ಕಡೆಯಿಂದಲೇ ಇಳಿದು ಬಂಡೆಗೆ ಒರಗಿ ಕೂತೆವು. ಮಾವ ಅತ್ತಿತ್ತ ನೋಡಿ, ಟೆಂಟು ಹಾಕಲು ಇದಕ್ಕಿಂತ ಚಲೋ ಜಾಗ ಸಿಗುವುದಿಲ್ಲ ಎಂದು ಘೋಷಿಸಿದ. ಸಿಗುವುದಾದರೂ ಹೇಗೆ? ಜೀಪು ಅಲ್ಲಿಂದ ಕದಲಬೇಕೆಂದರೆ ಬೆಳಗಾಗಿ ಪುರ್ತಗೇರಿಯಿಂದ ಟ್ರ್ಯಾಕ್ಟರ್ ಬರಬೇಕಿತ್ತು! ತಾಡಪತ್ರಿಗೆ ನೇಕಾರರ ಗಂಟುಗಳನ್ನೇ ಹಾಕಿದ. ಮರುದಿನ ಅವನ್ನು ಬಿಚ್ಚಲಾಗದೆ ಕುಡುಗೋಲು ಬೇಕಾಯಿತು.

ಸಂಜೆ ರೊಟ್ಟಿ ಮುರಿಯುವಾಗ ಅತ್ತಿ ತಡೆದಿಟ್ಟುಕೊಂಡಿದ್ದನ್ನು ಹೊರಗೆ ಹಾಕಿದಳು. "ಕಾಲು ಮಗ್ಗ ತುಳದ್ವು, ಆತು. ಎಡಗೈ ಖಾಲಿ ಇತ್ತಲ್ಲ, ಹ್ಯಾಂಡ್ ಬ್ರೇಕ್ ಯಾಕ ಎಳೀಲಿಲ್ರಿ?"

ಮಾವ ಜೇಬಿಗೆ ಕೈ ಹಾಕಿ ಎರಡು ಗುಂಡಿ ತೆಗೆದ. ನನ್ನ ಅಂಗಿಯವು. ಆಗಲೇ ನಾನು ನನ್ನ ಎದೆ ನೋಡಿಕೊಂಡದ್ದು. ಅಂಗಿ ಹರಿದಿತ್ತು, ಅದರ ಕೆಳಗೆ ಐದು ಬೆರಳಿನ ಕೆಂಪು ಗುರುತು.

"ಖಾಲಿ ಇರಲಿಲ್ಲ" ಎಂದ ಮಾವ. "ಮಗ್ಗದಾಗ ಎಳಿ ಹರೀತಂದ್ರ ಕೈ ಮೊದ್ಲ ಎಳೀಗೆ ಹೋಗ್ತೈತಿ. ಮಗ್ಗ ಆಮ್ಯಾಲೆ ನಿಲ್ಲಸೋದು."

ಅತ್ತಿ ತನ್ನ ರೊಟ್ಟಿಯ ಅರ್ಧ ಮುರಿದು ಅವನ ಮುಂದಿಟ್ಟಳು. ಮಾವ ಜೇಬಿನಲ್ಲಿ ಸದಾ ಇಟ್ಟುಕೊಂಡಿರುವ ಸೂಜಿ ತೆಗೆದು, ಕೆಂಪು ರೇಷ್ಮೆ ಎಳೆ ಪೋಣಿಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಗುಂಡಿ ಹಚ್ಚತೊಡಗಿದ. ಎರಡು ಸಲ ನನಗೆ ಚುಚ್ಚಿದ. ನಾನು ಅಲುಗಾಡಲಿಲ್ಲ.

ಮೊನ್ನೆ ಫೋನು ಬಂತು. "ಅಳಿಯಾ, ಗುಡ್ಡದ ಆ ಕಡೆ ಇನ್ನೊಂದು ದಾರಿ ಐತಿ. ಬರ್ತೀಯೇನು?"

ಆ ದಿನದ ಬಿಳಿ ಅಂಗಿಯನ್ನೇ ಹುಡುಕಿ ಹಾಕಿಕೊಂಡೆ, ಎರಡು ಕೆಂಪು ಎಳೆಯ ಗುಂಡಿಗಳನ್ನು ಹಾಕಿದೆ. ಹೋಗಿ ಎಡ ಸೀಟಿನಲ್ಲೇ ಕೂತೆ.