ಶಿವಮಲ್ಲುವಿನ ಕೈಗುಣ

ಆ ಬುಧವಾರದ ಫಜೀತಿಗೆಲ್ಲ ಮೂಲ ಒಂದು ರೇಷ್ಮೆ ಸೀರೆ. ಬೆಳಿಗ್ಗೆ ಮುಖ ತೊಳೆದು ಬಂದ ಶಿವಮಲ್ಲು ನೋಡುತ್ತಾನೆ, ಅವನ ತಾಯಿ ಈರಮ್ಮ ಮದುವೆಮನೆಗಷ್ಟೇ ಉಡುವ ಸೀರೆಯನ್ನು ಉಟ್ಟು, ಕೈಚೀಲ ಹಿಡಿದು ಜಗುಲಿಯ ಮೇಲೆ ಕೂತಿದ್ದಾಳೆ.

"ಎಲ್ಲಿಗವ್ವ?"

"ಗುಂಡ್ಲುಪೇಟೆಗೆ. ನನ್ ತಮ್ಮ ಒಂದು ಎಣ್ಣು ನೋಡವ್ನೆ."

"ಯಾರಿಗೆ?"

"ನಿಂಗೆ ಕಣ್ಲಾ. ಇನ್ಯಾರಿಗೆ, ನಂಗಾ?"

ಶಿವಮಲ್ಲುವಿಗೆ ಮದುವೆಯಾಗಿ ಎಂಟು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ದೋಷ ಹೆಂಡತಿ ಸುಧಾಮಣಿಯದು ಎಂಬುದರಲ್ಲಿ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಯಾಕೆಂದರೆ ಅವಳೇ ಹಾಗೆಂದು ಒಪ್ಪಿಕೊಂಡಿದ್ದಳು. ಟೆಸ್ಟ್ ಟ್ಯೂಬ್ ಮಾಡಿಸೋಣ ಎಂದು ಮೈಸೂರಿನ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಗಂಡ ಹೆಂಡತಿ ಒಪ್ಪಿದ್ದರೂ ಈರಮ್ಮ ಒಪ್ಪಿರಲಿಲ್ಲ.

"ಗಾಜಿನ ಕೊಳವೇಲಿ ಬೆಳ್ದ ಕೂಸು ನೆಟ್ಟಗಿದ್ದದೇನ್ಲಾ?"

"ಕೂಸು ಅಲ್ಲಿ ಬೆಳೆಯಾಕಿಲ್ಲ ಕಣವ್ವ. ನಾಕೈದು ದಿನ ತಟ್ಟೇಲಿಟ್ಟು ಇವಳ ಹೊಟ್ಟೆಗೇ ಬುಡ್ತಾರೆ. ಆಮ್ಯಾಕೆ ಎಲ್ಲಾರಂಗೆ ಒಂಬತ್ತು ತಿಂಗಳು ಹೊರಬೇಕು."

"ತಟ್ಟೆ ಅದಲುಬದಲಾದ್ರೆ? ಯಾರ್ದೋ ಕೂಸ ನಾನು ಎತ್ತಿ ಆಡಿಸ್ಬೇಕಾ?"

"ಹೆಸ್ರು ಬರ್ದಿರ್ತಾರೆ."

"ನಮ್ ಡೈರೀಲಿ ಹಾಲಿನ ಕ್ಯಾನಿಗೂ ಹೆಸ್ರು ಬರ್ದದೆ. ದಿನಾ ಜಗಳ ತಪ್ಪದಾ? ಅದಿರ್ಲಿ, ಅಷ್ಟೊಂದು ಸೂಜಿ ಚುಚ್ಚಿಸ್ಕಂಡು ಕೊನೇಗೆ ನಿಲ್ನಿಲ್ಲ ಅಂದ್ರೆ?"

ಗ್ಯಾರಂಟಿ ಕೊಡಲಾಗದು ಎಂದು ಡಾಕ್ಟರಮ್ಮನೂ ಹೇಳಿದ್ದರು. ಒಳಗೆ ಪಾತ್ರೆ ಉಜ್ಜುವ ಸದ್ದು ಯಾವಾಗಲೋ ನಿಂತುಹೋಗಿತ್ತು. ಸುಧಾಮಣಿ ಕೇಳಿಸಿಕೊಳ್ಳುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಯೋಚನೆ ಮಾಡದೆ ಬಾಯಿಬಿಟ್ಟ.

"ಅವ್ವ, ದೋಷ ಅವಳ್ದಲ್ಲ, ನಂದು. ಇನ್ನೂ ನಾಕು ಎಣ್ಣು ತಂದು ಕಟ್ಟಿದ್ರೂ ಅಷ್ಟೇಯ."

ಎಂಟು ವರ್ಷದಲ್ಲಿ ಅವನು ಹೆಂಡತಿಯ ಪರವಾಗಿ ಆಡಿದ ಮೊದಲ ದೊಡ್ಡ ಮಾತು ಅದು. ಸುಳ್ಳು ಎಂಬುದೊಂದು ಬಿಟ್ಟರೆ ಮಾತೇನೋ ಚೆನ್ನಾಗಿತ್ತು. ಈರಮ್ಮ ಕೈಚೀಲ ಕೆಳಗಿಟ್ಟು ಅಳಲು ಶುರುಮಾಡಿದಳು. ಗೋಡೆಯಾಚೆ ಅಂಗಳ ಗುಡಿಸುತ್ತಿದ್ದ ಪಕ್ಕದ ಮನೆಯ ಕರಿಯಮ್ಮ ಪೊರಕೆಯನ್ನು ಅಲ್ಲೇ ಬಿಸಾಕಿ ಬೀದಿಗಿಳಿದಳು. ಶಿವಮಲ್ಲು ಎದೆಯುಬ್ಬಿಸಿಕೊಂಡು ಬೈಕು ಹತ್ತಿ ಕೆಲಸಕ್ಕೆ ಹೊರಟ.

ಆ ಕೆಲಸವೇ ಅವನ ಗ್ರಹಚಾರ. ಹರವೆಯ ಸುತ್ತಲಿನ ಹಳ್ಳಿಗಳಲ್ಲಿ ಬೆದೆಗೆ ಬಂದ ಹಸುಗಳಿಗೆ ಕೃತಕವಾಗಿ ಗರ್ಭಕಟ್ಟಿಸಲು ಹಾಲಿನ ಡೈರಿ ನೇಮಿಸಿದ್ದ ಆಳು ಅವನು. ಶಿವಮಲ್ಲು ಕೈಯಿಟ್ಟರೆ ಹಸು ಗಬ್ಬವಾದಂತೆಯೇ ಎಂಬ ಹೆಸರಿತ್ತು. ಕರಿಯಮ್ಮನ ಕಾಲು ಅವನ ಬೈಕಿಗಿಂತ ಜೋರಾಗಿತ್ತೋ ಏನೋ, ಅವನು ಚಿಕ್ಕಬಸವಯ್ಯನ ಕೊಟ್ಟಿಗೆ ಮುಟ್ಟುವ ಹೊತ್ತಿಗೆ ಸುದ್ದಿ ಆಗಲೇ ಮುಟ್ಟಿತ್ತು. ಬೆಳಿಗ್ಗೆ ತಾನೇ ಫೋನು ಮಾಡಿ ಕರೆದಿದ್ದ ಚಿಕ್ಕಬಸವಯ್ಯ ಈಗ ಹಸುವಿಗೂ ಅವನಿಗೂ ನಡುವೆ ಅಡ್ಡ ನಿಂತ.

"ಬ್ಯಾಡ ಬುಡು ಶಿವಮಲ್ಲು."

"ಯಾಕಣ್ಣ? ಬೆದೆ ಕಳ್ದೋಯ್ತದೆ."

"ಓಗ್ಲಿ. ಕೈಗುಣ ಅಂತ ಒಂದದೆ. ನಿಂಗೇ ಇಲ್ದಿರಾದ್ನ ನನ್ ಅಸೂಗೆ ಎಲ್ಲಿಂದ ಕೊಟ್ಟೀಯೆ?"

"ಅಣ್ಣ, ಕೊಡಾದು ನಾನಲ್ಲ, ಹೋರಿ! ಆ ಹೋರಿ ಯಾವೂರಲ್ಲದೋ ನಾನೇ ಕಂಡಿಲ್ಲ. ನಾನು ಬರೀ ಅದ್ರ ವೀರ್ಯಾನ ಕಡ್ಡೀಲಿ ತಂದು ಹಾಕೋನು."

"ಕಡ್ಡಿ ಹಿಡಿಯಾ ಕೈ ಯಾರ್ದು?"

ಶಿವಮಲ್ಲು ಕೊಟ್ಟಿಗೆಯ ಮೂಲೆಗೆ ಬೆರಳು ತೋರಿಸಿದ. ಅವನ ಕೈಯಿಂದಲೇ ಆದ ಎರಡು ಕರುಗಳು ಅಲ್ಲಿ ಹುಲ್ಲು ಜಗಿಯುತ್ತಿದ್ದವು. "ಮತ್ತೆ ಇವು?"

"ಅವು ನಿನ್ ವಿಷ್ಯ ಗೊತ್ತಾಗಾಕೆ ಮುಂಚೆ ಹುಟ್ಟಿದ್ವು," ಎಂದ ಚಿಕ್ಕಬಸವಯ್ಯ.

ಮುಂದಿನ ಎರಡು ಮನೆಗಳಲ್ಲೂ ಇದೇ ಕತೆ. ಒಬ್ಬ ಬಾಗಿಲು ತೆಗೆಯಲಿಲ್ಲ. ಇನ್ನೊಬ್ಬಳು ಹಸುವಿನ ವಿಚಾರ ಬಿಟ್ಟು, ದಿನಾ ನಾಟಿ ಕೋಳಿಮೊಟ್ಟೆ ಕುಡಿಯಲು ಹೇಳಿದಳು. ದಾರಿಯಲ್ಲಿ ಸಿಕ್ಕ ಪರಿಚಯದವನೊಬ್ಬ ಯಾವುದೋ ಬೇರು ಅರೆದು ಮಾಡಿದ ಎಣ್ಣೆಯ ಸೀಸೆಯನ್ನು ಅವನ ಜೇಬಿಗೆ ತುರುಕಿ, ಎಲ್ಲಿಗೆ ಹಚ್ಚಬೇಕೆಂದು ನಡುರಸ್ತೆಯಲ್ಲೇ ವಿವರಿಸಿದ. ಮಧ್ಯಾಹ್ನ ಡೈರಿಗೆ ಬಂದರೆ ಸೆಕ್ರೆಟರಿ ಪುಟ್ಟಬಸಪ್ಪ ಅವನ ಮುಖ ನೋಡದೆ ಮಾತಾಡಿದ.

"ಜನ ಬಂದು ಗಲಾಟೆ ಮಾಡ್ಬುಟ್ರು ಕಣ್ಲಾ. ನಾಳೆಯಿಂದ ಬದನಗುಪ್ಪೆ ಕಡೆ ಈ ಕೆಲ್ಸ ಮಾಡೋನ ಕರ್ಸು ಅಂತಾವ್ರೆ. ನಾನೇನ್ ಮಾಡ್ಲಿ?"

"ಅಣ್ಣ, ಅದು ಸುಳ್ಳು ಕಣಣ್ಣ! ಅವ್ವನ್ನ ತಡಿಯಾಕೆ ಅಂದ್ಬುಟ್ಟೆ."

"ಅಷ್ಟೇನಾ? ಹಂಗಾದ್ರೆ ನಿನ್ ಎಂಡ್ತಿ ಬಾಯಲ್ಲಿ ಒಂದ್ ಮಾತು ಹೇಳ್ಸು. ಸಾಯಂಕಾಲ ನಾವೇ ನಿನ್ ಮನೆ ತಾವ ಬತ್ತೀವಿ."

ಮನೆಗೆ ಹೋಗುವಾಗ ಬೈಕು ಓಡಿದಷ್ಟು ಸಲೀಸಾಗಿ ಮನಸ್ಸು ಓಡಲಿಲ್ಲ. ಎಂಟು ವರ್ಷ ಊರಿನ ಮಾತನ್ನೆಲ್ಲ ಹೊತ್ತವಳ ತಲೆಯಿಂದ ಬೆಳಿಗ್ಗೆ ತಾನೇ ಇಳಿಸಿದ ಹೊರೆಯನ್ನು ಸಂಜೆ ತಾನೇ ಮತ್ತೆ ಹೊರಿಸಬೇಕಿತ್ತು. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಆದರೆ ಕೆಲಸ ಹೋದರೆ ಮೈಸೂರಿಗೆ ಹೋಗುವುದಾದರೂ ಹೇಗೆ ಎಂದು ಸಮಾಧಾನ ಮಾಡಿಕೊಂಡ.

ಸುಧಾಮಣಿ ತಲೆ ತುಂಬ ಹೂ ಮುಡಿದು, ಶಾವಿಗೆ ಪಾಯಸ ಮಾಡಿ ಕಾಯುತ್ತಿದ್ದಳು. ಅವಳ ಮುಖ ಇಷ್ಟು ಗೆಲುವಾಗಿದ್ದುದನ್ನು ಅವನು ಕಂಡು ವರ್ಷಗಳೇ ಆಗಿದ್ದವು. ಪಾಯಸದ ಲೋಟ ಕೈಯಲ್ಲಿ ಹಿಡಿದೇ, ನೆಲ ನೋಡುತ್ತ ಎಲ್ಲ ಹೇಳಿದ. ಬೆಳಿಗ್ಗೆ ಆಡಿದ್ದು ಸುಳ್ಳೆಂದು ಒಂದು ಮಾತು ಹೇಳಿದರೆ ಸಾಕು ಎಂದ.

"ಸುಳ್ಳಾ?" ಸುಧಾಮಣಿಯ ಮುಖ ಬಾಡಿತು. "ನೀವು ಸುಳ್ಳು ಅಂದ್ಕಂಡು ಅಂದ್ರಾ? ನಿಮ್ಗೆ ಎಲ್ಲಾ ಗೊತ್ತಾಗ್ಬುಟ್ಟದೆ, ಗೊತ್ತಾಗೇ ಧೈರ್ಯವಾಗಿ ಅಂದವ್ರೆ ಅಂತ ನಾನು..."

"ಏನು ಗೊತ್ತಾಗೋದು?"

ಅವಳು ಅವನ ಕೈಯಿಂದ ಲೋಟ ತೆಗೆದು ಕೆಳಗಿಟ್ಟಳು. "ತೊಂದ್ರೆ ನಂದಲ್ಲ. ನಿಮ್ದೇಯ."

ಮೈಸೂರಿನಲ್ಲಿ ಟೆಸ್ಟಿನ ಫಲಿತಾಂಶ ಹೇಳುವ ದಿನ, ಹೆಂಗಸಾದ ಡಾಕ್ಟರ ಎದುರು ಕೂರಲು ನಾಚಿ, ಶಿವಮಲ್ಲು ಟೀ ಕುಡಿಯುವ ನೆಪದಲ್ಲಿ ಹೊರಗೇ ಉಳಿದಿದ್ದ. ಸುಧಾಮಣಿ ಒಬ್ಬಳೇ ಒಳಗೆ ಹೋಗಿ ಬಂದಿದ್ದಳು.

"ಆಚೆ ಬಂದು ನಿಮ್ ಮುಖ ನೋಡ್ದೆ. ಪರೀಕ್ಷೆ ಫೇಲಾದ ಹುಡುಗನಂಗೆ ನಿಂತಿದ್ರಿ. ಯೋಳಾಕೆ ಬಾಯಿ ಬರ್ನಿಲ್ಲ."

"ರಿಪೋರ್ಟು?"

"ಒಲೆಗಾಕ್ದೆ. ನಿಮ್ದು ಕಮ್ಮಿ ಅದಂತೆ, ಇಲ್ಲ ಅಂತೇನಲ್ಲ. ಒಳ್ಳೇದು ಒಂದು ಸಿಕ್ರೂ ಸಾಕು, ಟೆಸ್ಟ್ ಟ್ಯೂಬಲ್ಲಿ ಮಾಡ್ಬೋದು ಅಂದವ್ರೆ."

ಶಿವಮಲ್ಲು ಗೋಡೆಗೊರಗಿ ಕುಳಿತುಬಿಟ್ಟ. ತನ್ನ ದೋಷಕ್ಕಿಂತ, ಇಷ್ಟು ಕಾಲ ತಾನು ಅವಳನ್ನು ಕನಿಕರದಿಂದ ನೋಡುತ್ತಿದ್ದೆನಲ್ಲ ಎಂಬುದೇ ಅವನನ್ನು ಹೆಚ್ಚು ಚುಚ್ಚಿತು. ಅಷ್ಟರಲ್ಲಿ ಹೊರಗೆ ಚಪ್ಪಲಿಗಳ ಸದ್ದಾಯಿತು. ಸುಧಾಮಣಿ ಸೆರಗಿಗೆ ಕೈಯೊರೆಸಿಕೊಂಡು ಎದ್ದಳು.

"ಇರ್ಲಿ ಬುಡಿ, ನಂಗೆ ಅಭ್ಯಾಸ ಆಗ್ಬುಟ್ಟದೆ. ನನ್ ದೋಸ ಅಂತ ಅಂದ್ಬುಡ್ತೀನಿ. ನಿಮ್ ಕೆಲ್ಸ ಉಳೀಲಿ."

"ಬ್ಯಾಡ," ಎಂದು ಅವಳ ಕೈಹಿಡಿದು ಕೂರಿಸಿ ಅವನೇ ಹೊರಗೆ ಬಂದ. ಕೆಲಸ ಹೋದರೆ ಹೋಗಲಿ ಎಂದು ನಿಶ್ಚಯಿಸಿದ್ದ. ಅಂಗಳದಲ್ಲಿ ಪುಟ್ಟಬಸಪ್ಪ, ಚಿಕ್ಕಬಸವಯ್ಯ, ಕರಿಯಮ್ಮ ನಿಂತಿದ್ದರು. ಈರಮ್ಮ ಜಗುಲಿಯ ಮೇಲಿದ್ದಳು.

"ಎಲ್ಲಾರೂ ಕೇಳ್ರಪ್ಪಾ. ಸುಳ್ಳು ಅಂತ ಡೈರೀಲಿ ಅಂದೆ. ಸುಳ್ಳಲ್ಲ. ದೋಷ ನಂದೇಯ. ಸುಧಾಮಣಿದು ಏನೂ ಇಲ್ಲ."

ಪುಟ್ಟಬಸಪ್ಪ ಚಿಕ್ಕಬಸವಯ್ಯನ ಬೆನ್ನಿಗೆ ಗುದ್ದಿದ. "ನೋಡ್ದಾ? ನಾನು ಅಂದಿರ್ನಿಲ್ವಾ? ಎಂಡ್ತಿ ಕಣ್ಣೀರಾಕಿರ್ತಾಳೆ, ಕರಗೋಗವ್ನೆ."

"ಇಲ್ಲ ಕಣಣ್ಣ! ಮಾದಪ್ಪನಾಣೆಗೂ ನಿಜ!"

ಚಿಕ್ಕಬಸವಯ್ಯನ ಕಣ್ಣು ಒದ್ದೆಯಾಯಿತು. "ಅಯ್ಯೋ, ಎಂಡ್ತಿ ಮಾನ ಉಳ್ಸಾಕೆ ಮಾದಪ್ಪನ ಮ್ಯಾಲೂ ಸುಳ್ಳು ಆಣೆ ಇಡ್ತಾವ್ನಲ್ಲ! ಇಂಥೋನ ಕೈಗುಣಾನ ನಾನು ಬೆಳಿಗ್ಗೆ ಅನುಮಾನ ಪಟ್ನಲ್ಲ!" ಎಂದು ಶಿವಮಲ್ಲುವಿನ ರಟ್ಟೆ ಹಿಡಿದ. "ನಡಿಯಪ್ಪಾ, ಅಸು ಇನ್ನೂ ಕೂಗ್ತಾ ಅದೆ. ಬೇಗ ಬಾ."

ಕರಿಯಮ್ಮ ಇದನ್ನೂ ಹಂಚಲು ಆಗಲೇ ಬೀದಿಗಿಳಿದಿದ್ದಳು. ನಿಜ, ನಿಜ ಎಂದು ಶಿವಮಲ್ಲು ಕೂಗಿದಷ್ಟೂ ಜನ ಅವನ ಬೆನ್ನು ತಟ್ಟಿದರು. ಬೀದಿ ತಿರುವಿಗೆ ಎಳೆಸಿಕೊಂಡು ಹೋಗುವಾಗ ಹಿಂದಿನಿಂದ ತಾಯಿಯ ದನಿ ಕೇಳಿಸಿತು. ಈರಮ್ಮ ಬಾಗಿಲಲ್ಲಿ ನಿಂತ ಸೊಸೆಗೆ ಹೇಳುತ್ತಿದ್ದಳು.

"ಎಂಥಾ ಗಂಡ ಸಿಕ್ಕವ್ನೆ ನೋಡಮ್ಮಿ ನಿಂಗೆ! ಇಂಥೋನಿಗೆ ಒಂದು ಕೂಸು ಕೊಡಾಕಾಗ್ನಿಲ್ವಲ್ಲ ನಿನ್ ಕೈಲಿ. ನಾಳೆ ಮೊದಲ್ನೇ ಬಸ್ಸಿಗೆ ಗುಂಡ್ಲುಪೇಟೆಗೆ ಓಯ್ತೀನಿ, ಬೇಗ ಎಬ್ಬಿಸ್ಬುಡು."