ಸರೋಜಮ್ಮನ ತಲೆಗೇನಾಯ್ತು?

ಮಧುಗಿರಿಯ ಬಟ್ಟೆ ಅಂಗಡಿ ಮರುಳಸಿದ್ದಯ್ಯನವರಿಗೆ ಹೆಂಡತಿಯ ತಲೆ ಸರಿಯಿಲ್ಲವೆಂಬ ಅನುಮಾನ ಮದುವೆಯಾದ ವರ್ಷದಿಂದಲೂ ಇತ್ತು. ಅದು ನಿಜವಾಗಿಬಿಟ್ಟಿತೋ ಏನೋ ಎಂಬ ಭಯ ಹತ್ತಿದ್ದು ಮಾತ್ರ ಮೊನ್ನೆ ಸೋಮವಾರ.

ಸರೋಜಮ್ಮ ಮೂರು ತಿಂಗಳಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರು. ಆದರೂ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಎನ್ನುವುದು ಎಂಟರಿಂದ ಹದಿನಾಲ್ಕಕ್ಕೆ ಏರಿತ್ತು. "ಅದು ಕತ್ತಿಂದಲ್ಲ ಅಯ್ನೋರೆ, ಮೆದುಳಿನ ಬುಡದಾಗೆ ತಯಾರಾಗೋದು," ಎಂದು ಔಷಧಿ ಅಂಗಡಿಯ ನಾಗಲಿಂಗಯ್ಯ ಹೇಳಿದ್ದೇ ತಡ, ಮರುಳಸಿದ್ದಯ್ಯನವರು ಅಂಗಡಿಯನ್ನೂ ಮರೆತು ನೇರ ಮನೆಗೆ ಓಡಿದರು. ಮೆದುಳೇ ಕೈಕೊಟ್ಟರೆ ಗತಿಯೇನು? (ಮನೆಯಲ್ಲಿದ್ದದ್ದೇ ಒಂದು, ಅದೂ ಅವಳದೇ ಎಂಬುದು ಒಳಗೊಳಗೆ ಅವರಿಗೂ ಗೊತ್ತಿತ್ತು.)

ಮುದ್ದೆ ಕಟ್ಟುತ್ತಿದ್ದ ಹೆಂಡತಿಯ ಮುಂದೆ ನಿಂತು ಮೆಲ್ಲಗೆ ಪರೀಕ್ಷೆ ಶುರುಮಾಡಿದರು.

"ಸರೋಜ, ನಾನ್ಯಾರು ಹೇಳು?"

"ಅದು ಗೊತ್ತಾಗಿದ್ರೆ ಮೂವತ್ತೊರ್ಸದ ಕೆಳಗೇ ಒಲ್ಲೆ ಅಂದ್ಬುಡ್ತಿದ್ದೆ!"

ಉತ್ತರ ಚುರುಕಾಗಿಯೇ ಇತ್ತು. ಆದರೂ ಅವರಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಗುರುವಾರ ಬಸ್ಸು ಹತ್ತಿಸಿ ಸಿರಾಕ್ಕೆ ಕರೆದೊಯ್ದು, ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರ್ ಲೋಹಿತಾ ಅವರ ಮುಂದೆ ಕೂರಿಸಿದರು.

"ತಾಯಿ, ಇವಳ ತಲೇಲಿ ಏನೈತೆ, ಮುಚ್ಚಿಡ್ದೆ ಹೇಳ್ಬುಡಿ," ಎನ್ನುವಾಗ ಅವರ ಕಣ್ಣು ತುಂಬಿತ್ತು.

ಡಾಕ್ಟರ್ ನಕ್ಕರು. "ತಲೆ ಚೆನ್ನಾಗೇ ಇದೆ ಅಯ್ಯನೋರೆ. ಕತ್ತಿನ ಗ್ರಂಥಿ ಸೋಮಾರಿ ಆಗಿದೆ, ಅಷ್ಟೆ. ರಕ್ತದಲ್ಲಿ ಅದರ ಹಾರ್ಮೋನು ಕಮ್ಮಿಯಾದ್ರೆ ಮೆದುಳು 'ಏಳು, ಕೆಲಸ ಮಾಡು' ಅಂತ ಹೇಳಿಕಳಿಸುತ್ತೆ. ಆ ಹೇಳಿಕೇನೇ ಟಿಎಸ್‌ಎಚ್. ಗ್ರಂಥಿ ಏಳದಿದ್ರೆ ಇನ್ನೂ ಜೋರಾಗಿ ಕೂಗುತ್ತೆ. ಮಾತ್ರೆ ಮೈಗೆ ಹತ್ತಿದ್ರೆ ತಾನೇ ಸುಮ್ಮನಾಗುತ್ತೆ."

ಮರುಳಸಿದ್ದಯ್ಯನವರಿಗೆ ಹೋದ ಜೀವ ಬಂದಂತಾಯಿತು. ಮೂರು ದಿನದ ಮೇಲೆ ಮೊದಲ ಸಲ ಹಸಿವೂ ಆಯಿತು.

ಡಾಕ್ಟರ್ ಸರೋಜಮ್ಮನ ಕಡೆ ತಿರುಗಿದರು. "ಆದ್ರೆ ಮಾತ್ರೆ ಯಾಕೆ ಹತ್ತಿಲ್ಲ? ಹೆಂಗೆ ತಗೋತೀರಮ್ಮ?"

"ಇವ್ರ ಲಿಂಗಪೂಜೆ ಆಗೋಗಂಟ ನಮ್ಮನೇಲಿ ತೊಟ್ಟು ನೀರೂ ಮುಟ್ಟಂಗಿಲ್ಲ ಕಣಮ್ಮ. ಪೂಜೆ ಆದ್ಮ್ಯಾಕೆ ಇವ್ರೇ ಹಾಲು, ಬಾಳೆಹಣ್ಣು ಕಲಸಿದ ಪಂಚಾಮೃತದಾಗೆ ಮಾತ್ರೆ ಇಟ್ಕೊಡ್ತಾರೆ. ಪ್ರಸಾದ ಹೊಟ್ಟೆಗೆ ಲೆಕ್ಕ ಇಲ್ವಂತೆ."

"ಬರೀ ಹೊಟ್ಟೇಲಿ, ಬರೀ ನೀರಲ್ಲಿ ಅಂತ ಬರೆದಿದ್ನಲ್ಲ! ಹಾಲಿದ್ರೆ ಮಾತ್ರೆ ಸರಿಯಾಗಿ ಹತ್ತಲ್ಲ."

ಮರುಳಸಿದ್ದಯ್ಯನವರು ಗೋಡೆಯ ಕ್ಯಾಲೆಂಡರನ್ನು ಭಕ್ತಿಯಿಂದ ಓದಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಎದ್ದರು. "ಆಯ್ತು ಬುಡು, ನಾಳೆಯಿಂದ ಮಾತ್ರೆ ಮೊದ್ಲು, ಪೂಜೆ ಆಮೇಲೆ. ಶಿವ ಬ್ಯಾಡ ಅನ್ನಲ್ಲ. ನಿನ್ ತಲೆ ಸರಿಗೈತಲ್ಲ, ನಂಗಷ್ಟು ಸಾಕು. ನಡಿ."

ಸರೋಜಮ್ಮ ಕುರ್ಚಿ ಬಿಟ್ಟು ಕದಲಲಿಲ್ಲ.

"ಅಮ್ಮಾ, ನಂದು ಸರಿಗೈತೆ ಅಂತ ಗೊತ್ತಾಯ್ತು. ಹೆಂಗೂ ಬಂದಿದ್ದೀವಿ, ಇವ್ರದ್ದೂ ಒಂದ್ಸಲ ನೋಡ್ಬುಡಿ."