ಮನೆ ಯಾರ ಹೆಸರಲ್ಲಿದೆ ಎಂದು ಕೇಳುವ ದೊಡ್ಡಮ್ಮ

ನಮ್ಮ ದೊಡ್ಡಮ್ಮನನ್ನು ಮದುವೆಗೆ ಕರೆಯುವ ಧೈರ್ಯವಿರುವ ಕನ್ನಡಿಗರು ದೆಹಲಿಯಲ್ಲಿ ಈಗ ಹೆಚ್ಚೆಂದರೆ ಎರಡು ಮನೆಯವರು ಉಳಿದಿದ್ದಾರೆ. ಒಂದು ನಮ್ಮ ಮನೆ. ಇನ್ನೊಂದು ಮನೆಯವರಿಗೆ ಮಕ್ಕಳಿಲ್ಲ.

ಹಾಗೆಂದು ಅವರು ಗಲಾಟೆ ಮಾಡುವವರಲ್ಲ, ಊಟಕ್ಕೆ ಹೆಸರಿಡುವವರೂ ಅಲ್ಲ. ಒಳ್ಳೆಯ ಸೀರೆಯುಟ್ಟು ಮಂಟಪ ಹತ್ತುತ್ತಾರೆ, ಅಕ್ಷತೆ ಹಾಕುತ್ತಾರೆ, ಆಮೇಲೆ ಹುಡುಗಿಯ ಕಿವಿಯ ಹತ್ತಿರ ಬಗ್ಗುತ್ತಾರೆ. ನೋಡಿದವರಿಗೆ ಆಶೀರ್ವಾದದ ಹಾಗೆ ಕಾಣುತ್ತದೆ. ಅವರು ಕೇಳುವುದು, "ನಿನ್ನ ಸಂಬಳ ಯಾರ ಖಾತೆಗೆ ಹೋಗತ್ತಮ್ಮ?" ಒಂದು ಮದುವೆಯಲ್ಲಿ ಪುರೋಹಿತರ ಮೈಕು ಪಕ್ಕದಲ್ಲೇ ಇತ್ತು. ಪ್ರಶ್ನೆ ಇಡೀ ಛತ್ರಕ್ಕೆ ಕೇಳಿಸಿತು. ಪುರೋಹಿತರು ಮಂತ್ರ ನಿಲ್ಲಿಸಿ ತಾವೂ ಉತ್ತರಕ್ಕೆ ಕಾದರಂತೆ.

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ದೆಹಲಿಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಹತ್ತೊಂಬತ್ತನೇ ಶತಮಾನದ ಯೂರೋಪಿನ ನಾಟಕಗಳನ್ನು ಪಾಠ ಹೇಳಿ ನಿವೃತ್ತರಾದವರು. ದೊಡ್ಡಪ್ಪ ತೀರಿಕೊಂಡ ಮೇಲೆ ಘಾಜಿಯಾಬಾದಿನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದಾರೆ, ಮಗ ಬೇರೆ ಊರಿನಲ್ಲಿ. ಆ ನಾಟಕಗಳಲ್ಲಿ ರಾಜನಿಲ್ಲ, ಯುದ್ಧವಿಲ್ಲ, ದೇವರಂತೂ ಇಲ್ಲವೇ ಇಲ್ಲ. ಇರುವುದು ಒಂದು ಹಜಾರ, ಒಂದು ಸೋಫಾ, ಬೀಗ ಹಾಕಿದ ಒಂದು ಮೇಜು. ಮೇಜಿನ ಬೀಗದ ಕೈ ಗಂಡನ ಕೋಟಿನ ಜೇಬಿನಲ್ಲಿ. "ಪರದೆ ಎದ್ದ ತಕ್ಷಣ ಹೀರೋಯಿನ್ ಮುಖ ನೋಡಬೇಡಿ, ಸೋಫಾ ನೋಡಿ. ಅದು ಯಾರ ದುಡ್ಡು ಅಂತ ಗೊತ್ತಾದ್ರೆ ಮೂರನೇ ಅಂಕದಲ್ಲಿ ಅಳೋದು ಯಾರು ಅಂತಲೂ ಗೊತ್ತಾಗತ್ತೆ" ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರಂತೆ. ಪಾಠ ಕಾಲೇಜಿನಲ್ಲೇ ಮುಗಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಇವರು ಗೃಹಪ್ರವೇಶಕ್ಕೆ ಹೋದಲ್ಲೆಲ್ಲ ಸೋಫಾ ಸವರುತ್ತಾ ಅದನ್ನೇ ಕೇಳತೊಡಗಿದರು.

ಇಂಥವರನ್ನು ನನ್ನ ಮದುವೆಯ ಮಾತುಕತೆಗೆ ಕರೆದದ್ದು ನಮ್ಮಮ್ಮನ ತಪ್ಪು. ಹುಡುಗ ನನ್ನ ಆಫೀಸಿನವನೇ, ನಾನೇ ಆರಿಸಿಕೊಂಡವನು. ಗ್ರೇಟರ್ ನೋಯ್ಡಾದಲ್ಲಿ ಒಂದು ಫ್ಲ್ಯಾಟ್ ನೋಡಿಟ್ಟಿದ್ದೆವು. ಮುಂಗಡಕ್ಕೆ ನನ್ನ ಆರು ವರ್ಷದ ಉಳಿತಾಯ, ಮಿಕ್ಕದ್ದಕ್ಕೆ ಅವನ ಹೆಸರಿನ ಸಾಲ. ಎಲ್ಲರೂ ನಗುನಗುತ್ತಾ ಹೋಳಿಗೆ ಬಡಿಸಿಕೊಳ್ಳುತ್ತಿದ್ದಾಗ ದೊಡ್ಡಮ್ಮ ತುಪ್ಪದ ಬಟ್ಟಲು ಕೆಳಗಿಟ್ಟು ಹುಡುಗನ ಕಡೆ ತಿರುಗಿದರು.

"ಮನೆ ಯಾರ ಹೆಸರಲ್ಲಿ ಮಾಡಿಸ್ತಿದೀರಪ್ಪಾ?"

ಹುಡುಗ ತನ್ನ ಅಮ್ಮನ ಮುಖ ನೋಡಿದ. ಅವನ ಅಮ್ಮ ಹೋಳಿಗೆ ನೋಡುತ್ತಲೇ ಹೇಳಿದರು, "ಮನೆ ಅಂದ್ಮೇಲೆ ಗಂಡಸಿನ ಹೆಸರಲ್ಲಿದ್ರೇ ಲಕ್ಷಣ. ಅವಳೇನು ಬೇರೆಯವಳಾ?"

"ಬೇರೆಯವಳಲ್ಲದಿದ್ರೆ ಅವಳ ಹೆಸರಲ್ಲೇ ಮಾಡಿಸಬಹುದಲ್ಲ" ಎಂದರು ದೊಡ್ಡಮ್ಮ. ಆಮೇಲೆ ಯಾರೂ ಎರಡನೇ ಹೋಳಿಗೆ ಕೇಳಲಿಲ್ಲ.

ಅವರನ್ನು ಮೆಟ್ರೋ ಸ್ಟೇಷನ್ನಿಗೆ ಬಿಡಲು ಹೋದಾಗ ನಾನು ಕಾರಿನಲ್ಲಿ ಕೂಗಾಡಿದೆ. "ಇದು ನಿಮ್ಮ ನಾಟಕ ಅಲ್ಲ ದೊಡ್ಡಮ್ಮ, ನನ್ನ ಮದುವೆ."

"ವ್ಯತ್ಯಾಸ ಏನು, ಎರಡು ವಾಕ್ಯದಲ್ಲಿ ಬರಿ" ಎಂದು ಹೇಳಿ ಇಳಿದುಹೋದರು. ನಾನು ಹಿಂದಿನಿಂದ ಜೋರಾಗಿ ಹಾರ್ನ್ ಹೊಡೆದೆ. ಸಿಟ್ಟು ಇನ್ನೂ ಹೆಚ್ಚಾಯಿತು.

ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟೆ. ಅಷ್ಟರಲ್ಲಿ ನಮ್ಮ ಕಡೆಯ ಕನ್ನಡ ಕೂಟದವರು ವಾರ್ಷಿಕೋತ್ಸವಕ್ಕೆ ಒಂದು ನಾಟಕ ಮಾಡಿಸಿಕೊಡಿ ಎಂದು ದೊಡ್ಡಮ್ಮನನ್ನು ಕೇಳಿದರು. ಅವರು ನಿರೀಕ್ಷಿಸಿದ್ದು ಹಾಸ್ಯ. ಇವರು ಬರೆದುಕೊಟ್ಟದ್ದು ಆ ಹಳೆಯ ಕಾಲದ ಧಾಟಿಯ ಒಂದು ಅಂಕ: ಇಬ್ಬರು ಅಪ್ಪಂದಿರು ಹಜಾರದಲ್ಲಿ ಕೂತು ಮದುವೆ ಕರಾರು ಮಾತಾಡುತ್ತಾರೆ, ಹುಡುಗಿಗೆ ಅವಳ ಅಜ್ಜಿ ಬಿಟ್ಟುಹೋದ ಆಸ್ತಿ ಮದುವೆಯಾದ ಮೇಲೆ ಯಾರ ಕೈಗೆ ಎಂದು. ಹುಡುಗಿ ಅಷ್ಟು ಹೊತ್ತೂ ಟೀ ಬಗ್ಗಿಸುತ್ತಿರುತ್ತಾಳೆ. ಅವಳಿಗೆ ಒಂದೇ ಒಂದು ಮಾತಿಲ್ಲ. ಪಾತ್ರ ಒಪ್ಪಿಕೊಂಡಿದ್ದ ಹುಡುಗಿ, "ಆಂಟಿ, ಡೈಲಾಗೇ ಇಲ್ವಲ್ಲ, ರೀಲ್‌ನಲ್ಲಿ ಏನು ಹಾಕ್ಕೊಳ್ಳಲಿ?" ಎಂದು ಎರಡನೇ ದಿನವೇ ಬಿಟ್ಟುಹೋದಳು. ಅಮ್ಮ ಅತ್ತು ಕರೆದು ನನ್ನನ್ನು ಒಪ್ಪಿಸಿದಳು. ಹೇಗೂ ಮಾತಾಡಬೇಕಿಲ್ಲವಲ್ಲ ಎಂದು ನಾನೂ ಹೋದೆ.

ಹುಡುಗಿಯ ಅಪ್ಪನ ಪಾತ್ರ ಕೊಡಗಿನ ನಿವೃತ್ತ ಕರ್ನಲ್ ಒಬ್ಬರದು. ಅವರಿಗೆ ಒಂದು ಸಾಲೂ ನೆನಪಿರುತ್ತಿರಲಿಲ್ಲ. ಒಂದು ಸಂಜೆ ತಾಲೀಮಿನಲ್ಲಿ ವರನ ಅಪ್ಪ, "ಮಗಳನ್ನು ಒಂದು ಮಾತು ಕೇಳೋಣವೇ?" ಎಂದಾಗ ಕರ್ನಲ್ ಸಾಹೇಬರು ಸಾಲು ಮರೆತು, ಕಾಲಮೇಲೆ ಕಾಲು ಹಾಕಿಕೊಂಡು, "ಅವಳನ್ನ ಕೇಳೋದೇನಿದೆ, ಚಲೋ, ಮುಂದಿನ ವಿಷಯ" ಎಂದುಬಿಟ್ಟರು. ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಅವರ ಹೆಂಡತಿ ತಲೆ ಎತ್ತದೆ, "ಇದು ಮಾತ್ರ ಬಾಯಿಪಾಠ ಮಾಡಬೇಕಾಗಿಲ್ಲ, ಮನೇಲಿ ದಿನಾ ಹೇಳ್ತಾರೆ" ಎಂದರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಕರ್ನಲ್ ಸಾಹೇಬರಿಗೆ ಯಾಕೆಂದು ಕೊನೆಗೂ ತಿಳಿಯಲಿಲ್ಲ. ದೊಡ್ಡಮ್ಮ ಪೆನ್ನು ತೆಗೆದು ಆ ಸಾಲನ್ನು ನಾಟಕಕ್ಕೆ ಸೇರಿಸಿಕೊಂಡರು.

ನಾಟಕದ ದಿನ ಮುಂದಿನ ಸಾಲಿನಲ್ಲಿ ನನ್ನ ಹುಡುಗ, ಅವನ ಅಮ್ಮ. ನಾನು ಇಪ್ಪತ್ತು ನಿಮಿಷ ಖಾಲಿ ಕೆಟಲಿನಿಂದ ಖಾಲಿ ಕಪ್ಪುಗಳಿಗೆ ಟೀ ಬಗ್ಗಿಸಿದೆ. ಮುಗಿದ ಮೇಲೆ ಅವನ ಅಮ್ಮ ವೇದಿಕೆಯ ಹಿಂದೆ ಬಂದು ನನ್ನ ಕೆನ್ನೆ ಹಿಡಿದರು. "ಎಷ್ಟು ಚೆನ್ನಾಗಿ ಸುಮ್ಮನಿದ್ದೆ ಪುಟ್ಟಾ. ನೋಡಿ ಸಂತೋಷ ಆಯ್ತು" ಎಂದರು. ವ್ಯಂಗ್ಯವಲ್ಲ, ನಿಜವಾಗಿಯೂ ಅವರಿಗೆ ಸಂತೋಷವಾಗಿತ್ತು. ನಾನು ಕೆಟಲನ್ನು ಅಲ್ಲೇ ಇಟ್ಟು ಹೊರಗೆ ನಡೆದೆ.

ಪಾರ್ಕಿಂಗಿನಲ್ಲಿ ಹುಡುಗನನ್ನು ನಿಲ್ಲಿಸಿದೆ. "ಫ್ಲ್ಯಾಟಿನ ಕಾಗದದಲ್ಲಿ ನನ್ನ ಹೆಸರೂ ಇರಬೇಕು. ಇಲ್ಲದಿದ್ರೆ ನನ್ನ ದುಡ್ಡು ನನ್ನ ಹತ್ತಿರವೇ ಇರಲಿ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನಗೆ ನನ್ನ ಮೇಲೆ ಇದ್ರೆ ನನ್ನೊಬ್ಬಳ ಹೆಸರಲ್ಲೇ ಮಾಡ್ಸು."

ಅವನು ಕೆಟ್ಟವನಲ್ಲ, ದೊಡ್ಡಮ್ಮನ ಹೊರತು ಯಾರೂ ಈ ಪ್ರಶ್ನೆಯನ್ನು ಅವನಿಗೆ ಹಾಕಿರಲಿಲ್ಲ, ಅಷ್ಟೆ. ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಒಪ್ಪಿದ. ಅವನ ಅಮ್ಮ ಮಾತ್ರ ಬಗ್ಗಲಿಲ್ಲ. ಸಂಪ್ರದಾಯ, ಮರ್ಯಾದೆ, ನೆಂಟರ ಬಾಯಿ ಎಲ್ಲ ಬಂತು. ಕೊನೆಗೆ ದಲಾಲ ಭಯ್ಯಾ, ಹೆಂಗಸಿನ ಹೆಸರಿದ್ದರೆ ನೋಂದಣಿ ಶುಲ್ಕದಲ್ಲಿ ಏನೋ ರಿಯಾಯಿತಿ ಸಿಗಬಹುದು ಎಂದ. "ಅಚ್ಛಾ? ಮೊದಲೇ ಹೇಳೋದಲ್ವಾ" ಎಂದರು ಆಕೆ. ಸಂಪ್ರದಾಯ ಅಲ್ಲಿಗೆ ಮುಗಿಯಿತು.

ನೋಂದಣಿಗೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಒಬ್ಬ ಹುಡುಗನ ಗೆಳೆಯ. ಇನ್ನೊಬ್ಬರಾಗಿ ನಾನು ದೊಡ್ಡಮ್ಮನನ್ನು ಕರೆದೆ. ಗೆದ್ದವರ ಬಿಂಕದಲ್ಲಿ ಬಂದು, ಗುಮಾಸ್ತರಿಗೂ ಒಂದು ಪಾಠ ಹೇಳಿಯೇ ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಬೆಂಚಿನ ತುದಿಯಲ್ಲಿ ಬ್ಯಾಗು ತಬ್ಬಿಕೊಂಡು ಕೂತರು. ಗುಮಾಸ್ತ, "ಮಾತಾಜಿ, ಇಧರ್ ಸೈನ್" ಎಂದು ಕಾಗದ ಸರಿಸಿದಾಗ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಪೂರ್ತಿ ಹೆಸರು ಬರೀಬೇಕಾ?"

ನನಗೆ ನಗು ಬಂತು. "ಜೀವಮಾನವೆಲ್ಲ ಮಾರ್ಕ್ಸ್ ಶೀಟಿಗೆ ಸಹಿ ಹಾಕಿದೀರ, ನಿಮಗೆ ಹೇಳಿಕೊಡಬೇಕಾ?"

"ಮನೆ ಕಾಗದಕ್ಕೆ ಹಾಕಿಲ್ಲ ಕಣೇ."

"ಘಾಜಿಯಾಬಾದ್ ಮನೆ?"

"ಅದು ನಿಮ್ಮ ದೊಡ್ಡಪ್ಪನ ಹೆಸರಲ್ಲಿತ್ತು. ಈಗ ನನ್ನ ಮಗನ ಹೆಸರಲ್ಲಿದೆ. ನನ್ನ ಸಂಬಳ ಬಂದ ದಿನವೇ ಅವರ ಕೈಗೆ ಕೊಟ್ಟುಬಿಡ್ತಿದ್ದೆ. ಅದೇ ದುಡ್ಡಲ್ಲಿ ತಗೊಂಡಿದ್ದು." ಅವರು ಪೆನ್ನಿನ ಮುಚ್ಚಳ ತೆಗೆದರು. "ಬೆಳಗ್ಗೆಯೆಲ್ಲ ಕ್ಲಾಸಲ್ಲಿ ಅಷ್ಟು ಮಾತಾಡ್ತಿದ್ದೆ. ಸಂಜೆ ಮನೆಗೆ ಬಂದು ಕೇಳಬೇಕು ಅಂತ ತೋಚಲೇ ಇಲ್ಲ ನೋಡು."

ಒಂದೊಂದೇ ಅಕ್ಷರವಾಗಿ, ಮೊದಲ ಸಲ ಬರೆಯುವವರ ಹಾಗೆ, ಪೂರ್ತಿ ಹೆಸರು ಬರೆದರು. ಗುಮಾಸ್ತ ಅವರ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ ಕಾಗದದ ಮೇಲೆ ಒತ್ತಿಸಿದ. ಒರೆಸಿಕೊಳ್ಳಲು ಕರ್ಚೀಫು ಕೊಟ್ಟೆ. "ಇರಲಿ ಬಿಡು, ಸ್ವಲ್ಪ ಹೊತ್ತು" ಎಂದರು.

ಕಾರಿನ ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ, ಸೀರೆಗೆ ತಾಗದಂತೆ ಆ ಬೆರಳನ್ನು ಎತ್ತಿ ಹಿಡಿದುಕೊಂಡೇ ಕೂತಿದ್ದರು. ದಾರಿ ಉದ್ದವಿತ್ತು. ನಾನು ಆ ಕೈಯನ್ನು ಎಳೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ನನ್ನ ಹೊಸ ಸೀರೆಗೆ ಶಾಯಿ ಆಯಿತು. ಇಬ್ಬರೂ ನೋಡಿದೆವು, ಯಾರೂ ಕೈ ತೆಗೆಯಲಿಲ್ಲ.